ಮೊಕ್ಕಾಂ: ಚಾಮರಾಜನಗರ

ಗುಂಡ್ಲುಪೇಟೆಯ ಸೂರ್ಯಕಾಂತಿ ಹೊಲದ ಪಕ್ಕ ಕಾರು ನಿಲ್ಲಿಸಿ ಸೆಲ್ಫಿ ತೆಗೆದು, ಆಮೇಲೆ ಬಂಡೀಪುರದ ಕಡೆ ಯಾವುದೋ ಹೋಂಸ್ಟೇಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೋಡ್ ಬರೆಯೋರಿಗೆ ಈಗ ‘ಡಿಜಿಟಲ್ ಅಲೆಮಾರಿ’ ಅಂತ ಹೆಸರು. ನನ್ನ ಇಂಜಿನಿಯರಿಂಗ್ ಬ್ಯಾಚಿನವರೂ ಇದ್ದಾರೆ. ಇದು ಕೋವಿಡ್ ಕಾಲದ ಹೊಸ ಆವಿಷ್ಕಾರ ಅಂತ ಅವರ ನಂಬಿಕೆ. ಅಲ್ಲ ಸ್ವಾಮಿ! ಹಳೇ ಸರ್ಕಾರಿ ಕಾಗದಗಳಲ್ಲಿ ‘ಮೊಕ್ಕಾಂ’ ಅಂತ ಬರೆದು ಊರಿನ ಹೆಸರು ಹಾಕುತ್ತಿದ್ದರು. ಸಾಹೇಬರು ಎಲ್ಲಿ ಡೇರೆ ಹೊಡೆದರೋ ಅದೇ ಕಚೇರಿ.

ಜಿ.ಪಿ. ಸ್ಯಾಂಡರ್ಸನ್ ಕಥೆ ಕೇಳಿ. ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರ್ ಕೈಯಲ್ಲಿದ್ದ ಕಾಲ. ಈತನಿಗೆ ನೀರಾವರಿ ನಾಲೆಗಳ ಉಸ್ತುವಾರಿ, ಅಂದರೆ ಸದಾ ಸುತ್ತಾಟ. ಕನ್ನಡ ಕಲಿತ. ಚಾಮರಾಜನಗರದ ಹತ್ತಿರ, ತಾನು ‘ಮೋರ್ಲೆ’ ಎಂದು ಬರೆದ ಹಳ್ಳಿಯಲ್ಲಿ ಬಂಗಲೆ ಮಾಡಿಕೊಂಡ. ಆನೆ ಹಿಡಿಯುವುದು ಅವನಿಗೆ ಗೊತ್ತಿದ್ದ ಕಸುಬಲ್ಲ. 1873ರ ಮೊದಲ ಪ್ರಯತ್ನ ಕೈಕೊಟ್ಟಿತು. 1874ರಲ್ಲಿ ಐವತ್ತಕ್ಕೂ ಹೆಚ್ಚು ಆನೆಗಳು ಖೆಡ್ಡಾಕ್ಕೆ ಬಿದ್ದವು. 1878ರಲ್ಲಿ ಅವನ ಪುಸ್ತಕ ಬಂತು, ಹೆಸರೂ ಬಂತು. ಕಾಡಿನ ಜಾಡು ಬಲ್ಲ ಸೋಲಿಗರು, ಕಂದಕ ತೋಡಿದವರು, ಗದ್ದಲ ಎಬ್ಬಿಸಿ ಹಿಂಡನ್ನು ಅಟ್ಟಿದ ಹಳ್ಳಿಗರು? ಅವರ ಹೆಸರು ಇವತ್ತು ಎಷ್ಟು ಜನಕ್ಕೆ ಗೊತ್ತು!

ಆದರೂ ಒಂದು ಮಾತು ಒಪ್ಪಲೇಬೇಕು. ಆತ ಊರೊಳಗೆ ಇದ್ದ. ನಮ್ಮ ಮುಖ್ಯಮಂತ್ರಿಗಳಲ್ಲಿ ಹಲವರು ಅಷ್ಟೂ ಮಾಡಲಿಲ್ಲ. ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತೆ ಅನ್ನೋ ಮೂಢನಂಬಿಕೆ. 1997ರಲ್ಲಿ ಜಿಲ್ಲೆಯಾದ ಮೇಲೂ ಮಲೆ ಮಹದೇಶ್ವರ ಬೆಟ್ಟದಲ್ಲೋ ಮೈಸೂರಲ್ಲೋ ನಿಂತು ಕಾರ್ಯಕ್ರಮ ಮುಗಿಸಿದರು. ವರ್ಕ್ ಫ್ರಂ ಹೋಂ ಕಂಡುಹಿಡಿದವರು ಐಟಿಯವರಲ್ಲ, ಇವರೇ! 2013ರ ಅಕ್ಟೋಬರಿನಲ್ಲಿ ಸಿದ್ದರಾಮಯ್ಯ ನೇರವಾಗಿ ಊರಿಗೇ ಬಂದರು. ಕುರ್ಚಿ ಹೋಗಲಿಲ್ಲ, ಐದು ವರ್ಷ ಪೂರೈಸಿದರು.

ದೊರೆ ದೂರ ಇದ್ದರೆ ಕಡತವೂ ದೂರ, ಕಾರ್ಖಾನೆಯೂ ದೂರ. ಇಲ್ಲಿನ ಹುಡುಗ ಡಿಪ್ಲೊಮಾ ಮುಗಿಸಿ ನಂಜನಗೂಡಿನ ಕಾರ್ಖಾನೆಗೋ ಬೆಂಗಳೂರಿಗೋ ಬಸ್ ಹತ್ತುತ್ತಾನೆ. ಅದೇ ದಾರಿಯಲ್ಲಿ ಎದುರಿಗೆ ಲ್ಯಾಪ್‌ಟಾಪ್ ಹಿಡಿದು ಬೆಂಗಳೂರಿನವರು ಬರ್ತಾರೆ, ಹೋಂಸ್ಟೇಯಲ್ಲಿ ಕೇಳುವ ಮೊದಲ ಪ್ರಶ್ನೆ, “ವೈಫೈ ಚೆನ್ನಾಗಿದೆಯಾ?” ಚೆನ್ನಾಗಿದ್ದರೆ, ಆ ಹೋಂಸ್ಟೇ ಯಜಮಾನರ ಮಗನಿಗೆ ಅದೇ ಕೆಲಸವನ್ನು ಅದೇ ವೈಫೈ ಮೇಲೆ, ಅವನ ಊರಲ್ಲೇ ಕೊಡೋಕೆ ನಿಮ್ಮ ಕಂಪನಿ ತಯಾರಿದೆಯಾ?