ಡೆಜಿಮಾ: ಕಾವಲಿನೊಳಗಿನ ವ್ಯಾಪಾರ

ಜಪಾನಿನ ನಾಗಾಸಾಕಿ ಬಂದರಿನಲ್ಲಿ ಸಮುದ್ರಕ್ಕೆ ಮಣ್ಣು ತುಂಬಿ ಕಟ್ಟಿದ, ಬೀಸಣಿಗೆಯ ಆಕಾರದ ಪುಟ್ಟ ದ್ವೀಪವೊಂದಿತ್ತು. ಅದರ ಹೆಸರು ಡೆಜಿಮಾ. ಉದ್ದ ಸುಮಾರು 120 ಮೀಟರ್, ಅಗಲ 75 ಮೀಟರ್. 1641ರಿಂದ 1850ರ ದಶಕದವರೆಗೆ ಯುರೋಪಿನವರು ಜಪಾನಿನಲ್ಲಿ ನೆಲೆಸಿ ವ್ಯಾಪಾರ ಮಾಡಲು ಅನುಮತಿ ಇದ್ದ ಜಾಗ ಇದೊಂದೇ, ಅದೂ ಡಚ್ಚರಿಗೆ ಮಾತ್ರ. ಆ ಕಾಲದ ಜಪಾನನ್ನು ‘ಬಾಗಿಲು ಮುಚ್ಚಿದ ದೇಶ’ ಎನ್ನುವುದು ರೂಢಿ. ಆದರೆ ದೇಶವನ್ನಾಳುತ್ತಿದ್ದ ತೊಕುಗಾವಾ ವಂಶದ ಶೋಗನ್‌ಗಳು ವ್ಯಾಪಾರವನ್ನು ನಿಲ್ಲಿಸಲಿಲ್ಲ. ಯಾರೊಡನೆ, ಎಲ್ಲಿ, ಎಷ್ಟು ಎಂಬುದನ್ನೆಲ್ಲ ತಮ್ಮ ಮುಷ್ಟಿಯಲ್ಲಿಟ್ಟುಕೊಂಡರು.

ರೇಷ್ಮೆ, ಬೆಳ್ಳಿ ಮತ್ತು ಗೋವಾದ ಹಡಗು

1543ರಲ್ಲಿ ಚೀನೀ ಹಡಗೊಂದರಲ್ಲಿ ತನೆಗಶಿಮಾ ದ್ವೀಪಕ್ಕೆ ಬಂದಿಳಿದ ಪೋರ್ಚುಗೀಸರ ಕೈಯಲ್ಲಿ ಕೋವಿಗಳಿದ್ದವು. ಸಾಮಂತರು ತಮ್ಮತಮ್ಮಲ್ಲೇ ಕಾದಾಡುತ್ತಿದ್ದ ಕಾಲ ಅದು. ಕೋವಿ ಬೇಗನೆ ದೇಶದ ತುಂಬ ಹಬ್ಬಿತು. ಆರು ವರ್ಷಗಳ ಬಳಿಕ ಪಾದ್ರಿ ಫ್ರಾನ್ಸಿಸ್ ಕ್ಸೇವಿಯರ್ ಕಾಗೋಶಿಮಾಕ್ಕೆ ಬಂದರು. ಇವರ ಪಾರ್ಥಿವ ಶರೀರ ಇಂದು ಹಳೆಯ ಗೋವಾದಲ್ಲಿದೆ.

ಚೀನಾದ ಮಿಂಗ್ ಅರಸರು ಜಪಾನಿನೊಡನೆ ನೇರ ವ್ಯಾಪಾರವನ್ನು ನಿಷೇಧಿಸಿದ್ದರು. ಚೀನಾಕ್ಕೆ ಬೆಳ್ಳಿ ಬೇಕಿತ್ತು, ಜಪಾನಿಗೆ ರೇಷ್ಮೆ ಬೇಕಿತ್ತು. ಮಕಾವುವಿನಲ್ಲಿ ನೆಲೆಯೂರಿದ್ದ ಪೋರ್ಚುಗೀಸರು ನಡುವೆ ನಿಂತು ಲಾಭ ಮಾಡಿಕೊಂಡರು. ಗೋವಾದಿಂದ ಹೊರಟ ದೊಡ್ಡ ಹಡಗು ಮಲಕ್ಕಾ, ಮಕಾವು ದಾಟಿ ಜಪಾನ್ ಮುಟ್ಟುತ್ತಿತ್ತು; 1571ರಿಂದ ನಾಗಾಸಾಕಿಯೇ ಅದರ ತಂಗುದಾಣವಾಯಿತು. ಆ ಗೋವಾ ಊಟದ ಅಕ್ಕಿಗೆ ಬಸರೂರು, ಹೊನ್ನಾವರ, ಮಂಗಳೂರುಗಳನ್ನು ನೆಚ್ಚಿಕೊಂಡಿತ್ತು ಎಂಬುದನ್ನು ಕನ್ನಡಿಗರು ನೆನಪಿಡಬೇಕು.

ಕಟ್ಟಳೆಗಳ ಹಿಂದಿನ ಭಯ

ಸರಕಿನ ಜೊತೆಗೆ ಪಾದ್ರಿಗಳೂ ಬಂದರು. ದೇಶವನ್ನು ಆಗಷ್ಟೇ ಒಂದುಗೂಡಿಸುತ್ತಿದ್ದ ಆಳುವವರಿಗೆ, ತಮ್ಮ ಪ್ರಜೆಗಳ ನಿಷ್ಠೆ ದೂರದ ಪೋಪ್‌ಗೆ ಸಲ್ಲುವುದು ಸಹ್ಯವಾಗಲಿಲ್ಲ. 1597ರಲ್ಲಿ, ಆಗ ದೇಶವನ್ನಾಳುತ್ತಿದ್ದ ಹಿದೆಯೋಶಿಯ ಆಜ್ಞೆಯಂತೆ ನಾಗಾಸಾಕಿಯಲ್ಲಿ 26 ಕ್ರೈಸ್ತರನ್ನು ಶಿಲುಬೆಗೇರಿಸಲಾಯಿತು. 1614ರಲ್ಲಿ ತೊಕುಗಾವಾ ಸರ್ಕಾರ ಕ್ರೈಸ್ತ ಮತವನ್ನು ದೇಶದಾದ್ಯಂತ ನಿಷೇಧಿಸಿತು.

1635ರ ಕಟ್ಟಳೆ ಸ್ವಂತ ಪ್ರಜೆಗಳ ಮೇಲೇ ಬಿತ್ತು. ಜಪಾನಿಯರು ಹೊರದೇಶಕ್ಕೆ ಹೋಗಕೂಡದು, ಹೋದವರು ಮರಳಿದರೆ ಮರಣದಂಡನೆ. ಅದಕ್ಕೆ ಮುಂಚೆ ಶೋಗನ್‌ನ ಕೆಂಪು ಮುದ್ರೆಯ ಪರವಾನಗಿ ಹಿಡಿದ ಜಪಾನೀ ಹಡಗುಗಳು ಸಯಾಮ್, ವಿಯೆಟ್ನಾಮ್, ಫಿಲಿಪ್ಪೀನ್ಸ್‌ಗಳಿಗೆ ಹೋಗಿಬರುತ್ತಿದ್ದವು. ಅಯುತ್ಥಯಾ, ಹೋಯಿ ಆನ್, ಮನಿಲಾಗಳಲ್ಲಿ ಜಪಾನೀ ಕೇರಿಗಳೇ ಇದ್ದವು. ಆ ಜನರಿಗೆ ಊರಿನ ದಾರಿ ಒಮ್ಮೆಗೇ ಕಡಿದುಹೋಯಿತು. ಇಡೀ ನೀತಿಯಲ್ಲಿ ನನಗೆ ಅತಿ ಕ್ರೂರವಾಗಿ ಕಾಣುವುದು ಇದೇ.

1637ರಲ್ಲಿ ತೆರಿಗೆ ಮತ್ತು ಹಸಿವಿನಿಂದ ಬೇಸತ್ತ ಶಿಮಬಾರಾದ ರೈತರು ದಂಗೆಯೆದ್ದರು. ಅವರಲ್ಲಿ ಬಹುಪಾಲು ಕ್ರೈಸ್ತರು. ಮರುವರ್ಷ, ಅವರು ಸೇರಿಕೊಂಡಿದ್ದ ಹರಾ ಕೋಟೆ ಬಿದ್ದಾಗ ಸತ್ತವರು 30,000ಕ್ಕೂ ಹೆಚ್ಚು. ಡಚ್ಚರ ಹಡಗೊಂದು ಶೋಗನ್‌ನ ಪರವಾಗಿ ಆ ಕೋಟೆಯ ಮೇಲೆ ಗುಂಡು ಹಾರಿಸಿತ್ತು. ಮತಪ್ರಚಾರ ತಮ್ಮ ಕೆಲಸವಲ್ಲ, ವ್ಯಾಪಾರ ಮಾತ್ರ ಎಂದು ಅವರು ತೋರಿಸಿಕೊಂಡ ಬಗೆ ಅದು. 1639ರಲ್ಲಿ ಪೋರ್ಚುಗೀಸರನ್ನು ಹೊರಹಾಕಲಾಯಿತು. ಮರುವರ್ಷ ಬೇಡಿಕೊಳ್ಳಲು ಮಕಾವುವಿನಿಂದ ಬಂದ ನಿಯೋಗದ 61 ಮಂದಿಯ ತಲೆ ಕಡಿದು, ಸುದ್ದಿ ಮುಟ್ಟಿಸಲೆಂದು 13 ಮಂದಿಯನ್ನು ವಾಪಸು ಕಳಿಸಿದರು.

ಸೇತುವೆಯ ಫಲಕ

ಡೆಜಿಮಾವನ್ನು 1636ರಲ್ಲಿ ನಾಗಾಸಾಕಿಯ ವರ್ತಕರು ತಮ್ಮ ಹಣದಿಂದ ಕಟ್ಟಿದ್ದು ಪೋರ್ಚುಗೀಸರನ್ನು ಕೂಡಿಡಲು. ಅದು ಖಾಲಿಯಾದ ಮೇಲೆ, ಹಿರಾಡೊದಲ್ಲಿದ್ದ ಡಚ್ ಈಸ್ಟ್ ಇಂಡಿಯಾ ಕಂಪನಿಯನ್ನು 1641ರಲ್ಲಿ ಅಲ್ಲಿಗೆ ಸಾಗಹಾಕಲಾಯಿತು. ಕಂಪನಿ ಆ ವರ್ತಕರಿಗೆ ವರ್ಷವರ್ಷ ಬಾಡಿಗೆ ಕಟ್ಟುತ್ತಿತ್ತು.

ಊರಿಗೂ ದ್ವೀಪಕ್ಕೂ ಇದ್ದದ್ದು ಒಂದೇ ಸೇತುವೆ. ಅದರ ಬಳಿ ನಿಲ್ಲಿಸಿದ್ದ ಮರದ ಫಲಕದಲ್ಲಿ ಯಾರಿಗೆ ಪ್ರವೇಶವಿಲ್ಲ ಎಂದು ಬರೆದಿತ್ತು: ವೇಶ್ಯೆಯರ ಹೊರತು ಬೇರೆ ಹೆಂಗಸರಿಗಿಲ್ಲ, ಕೋಯಾ ಬೆಟ್ಟದ ಸಾಧುಗಳ ಹೊರತು ಬೇರೆ ಸನ್ಯಾಸಿಗಳಿಗಿಲ್ಲ, ಚಂದಾ ಎತ್ತುವವರಿಗೂ ಭಿಕ್ಷುಕರಿಗೂ ಇಲ್ಲ. ಡಚ್ಚರೂ ಕಾರಣವಿಲ್ಲದೆ ಹೊರಗೆ ಕಾಲಿಡುವಂತಿರಲಿಲ್ಲ. ಮುಂಗಾರಿನ ಗಾಳಿ ಹಿಡಿದು ಬಟಾವಿಯಾದಿಂದ, ಅಂದರೆ ಇಂದಿನ ಜಕಾರ್ತಾದಿಂದ ಹಡಗು ಬಂದೊಡನೆ ಮದ್ದುಗುಂಡು ಒಪ್ಪಿಸಬೇಕು. ಬೈಬಲ್, ಪ್ರಾರ್ಥನಾ ಪುಸ್ತಕಗಳು ಪೆಟ್ಟಿಗೆ ಸೇರಿ ಮೊಳೆ ಹೊಡೆಸಿಕೊಳ್ಳಬೇಕು. ಹಡಗು ಹೊತ್ತು ತಂದ ಲೋಕದ ಸುದ್ದಿಯನ್ನು ದುಭಾಷಿಗಳು ಬರೆದುಕೊಂಡು ಎದೋ ನಗರಕ್ಕೆ, ಅಂದರೆ ಇಂದಿನ ಟೋಕಿಯೋಕ್ಕೆ ಕಳಿಸುತ್ತಿದ್ದರು. ದುಭಾಷಿಯ ಕೆಲಸ ತಂದೆಯಿಂದ ಮಗನಿಗೆ ಬರುವ ವೃತ್ತಿಯಾಗಿತ್ತು.

ಬಂಗಾಳದ ರೇಷ್ಮೆ, ಕೋರಮಂಡಲದ ಬಟ್ಟೆ ಡೆಜಿಮಾದಲ್ಲಿ ಇಳಿಯುತ್ತಿದ್ದವು. ಜಪಾನಿನ ತಾಮ್ರ ಭಾರತದ ಪೇಟೆಗಳಿಗೆ ಬರುತ್ತಿತ್ತು. ಬೆಳ್ಳಿ, ತಾಮ್ರ ಹೊರಗೆ ಹರಿದುಹೋಗುವುದು ಹೆಚ್ಚಾದಂತೆ ಸರ್ಕಾರ ಬಿಗಿ ಮಾಡಿತು. 1715ರ ನಿಯಮದಂತೆ ವರ್ಷಕ್ಕೆ ಡಚ್ಚರಿಗೆ 2 ಹಡಗು, ಚೀನೀಯರಿಗೆ 30. ಡೆಜಿಮಾದ ಮಾತು ಬಂದಾಗ ಎಲ್ಲರೂ ಮರೆಯುವುದು ನಾಗಾಸಾಕಿಗೇ ಬರುತ್ತಿದ್ದ ಈ ಚೀನೀ ವರ್ತಕರನ್ನೇ. ಇದಲ್ಲದೆ ತ್ಸುಶಿಮಾದ ಮೂಲಕ ಕೊರಿಯಾ, ಸತ್ಸುಮಾದ ಮೂಲಕ ರ್ಯೂಕ್ಯೂ, ಮತ್ಸುಮಾಯೆಯ ಮೂಲಕ ಉತ್ತರದ ಐನು ಜನರೊಡನೆ ಕೊಡುಕೊಳ್ಳುವಿಕೆ ನಡೆದೇ ಇತ್ತು.

ಪುಸ್ತಕ ಹಿಡಿದು ನಿಂತ ವೈದ್ಯರು

1720ರಲ್ಲಿ ಶೋಗನ್ ಯೋಶಿಮುನೆ, ಕ್ರೈಸ್ತ ಮತಕ್ಕೆ ಸಂಬಂಧಿಸದ ವಿದೇಶಿ ಪುಸ್ತಕಗಳ ಮೇಲಿನ ತಡೆಯನ್ನು ಸಡಿಲಿಸಿದ. 1771ರಲ್ಲಿ ಎದೋದ ಕೊಜುಕಪ್ಪರಾ ವಧಾಸ್ಥಾನದಲ್ಲಿ, ಮರಣದಂಡನೆಗೆ ಒಳಗಾದ ಹೆಂಗಸೊಬ್ಬಳ ದೇಹವನ್ನು ಮುದುಕನೊಬ್ಬ ಕೊಯ್ದು ತೋರಿಸುತ್ತಿದ್ದ. ನೋಡಲು ಬಂದಿದ್ದ ಸುಗಿತಾ ಗೆನ್‌ಪಕು, ಮಾಯೆನೊ ರ್ಯೋತಕು ಎಂಬ ವೈದ್ಯರಿಬ್ಬರೂ ಜರ್ಮನ್ ವೈದ್ಯ ಕುಲ್ಮಸ್‌ನ ಅಂಗರಚನಾ ಗ್ರಂಥದ ಡಚ್ ಪ್ರತಿಯನ್ನು ತಂದಿದ್ದರು. ಶ್ವಾಸಕೋಶ, ಯಕೃತ್ತು ಎಲ್ಲವೂ ಪುಸ್ತಕದ ಚಿತ್ರದಲ್ಲಿದ್ದಂತೆಯೇ ಇದ್ದವು. ತಾವು ಗುರುಗಳಿಂದ ಕಲಿತದ್ದಕ್ಕೆ ಹೊಂದುತ್ತಿರಲಿಲ್ಲ. ಮಾಯೆನೊಗೆ ಒಂದಿಷ್ಟು ಡಚ್ ಪದಗಳು ಗೊತ್ತಿದ್ದವು, ಸುಗಿತಾಗೆ ಅಷ್ಟೂ ಇಲ್ಲ. ಮರುದಿನವೇ ಅನುವಾದಕ್ಕೆ ಕೂತರು. 1774ರಲ್ಲಿ ಆ ಗ್ರಂಥ ಜಪಾನಿನಲ್ಲಿ ಅಚ್ಚಾಯಿತು. ಡಚ್ ಕಲಿಯುವವರ ಒಂದು ಪರಂಪರೆಯೇ ಅಲ್ಲಿಂದ ಬೆಳೆಯಿತು.

ಹೊಸ ಬಂದರುಗಳು

1853ರಲ್ಲಿ ಅಮೆರಿಕದ ನೌಕಾಧಿಕಾರಿ ಪೆರಿ ನಾಲ್ಕು ಯುದ್ಧನೌಕೆಗಳೊಡನೆ ಬಂದಾಗ ಜಪಾನಿನ ಜನ ಬೆಚ್ಚಿದರು. ಆದರೆ ಹಡಗುಗಳು ಬರಲಿವೆ ಎಂದು ಡಚ್ಚರು ಹಿಂದಿನ ವರ್ಷವೇ ಎಚ್ಚರಿಸಿದ್ದರು. 1855ರಲ್ಲಿ ನಾಗಾಸಾಕಿಯಲ್ಲಿ ಡಚ್ ನೌಕಾಧಿಕಾರಿಗಳಿಂದಲೇ ಜಪಾನಿಯರಿಗೆ ನೌಕಾ ತರಬೇತಿ ಶುರುವಾಯಿತು. 1859ರಲ್ಲಿ ಯೊಕೊಹಾಮಾ ಮತ್ತಿತರ ಬಂದರುಗಳು ತೆರೆದ ಮೇಲೆ ಡೆಜಿಮಾದ ಏಕಸ್ವಾಮ್ಯ ಮುಗಿಯಿತು. ಅದೇ ವರ್ಷ ಫುಕುಜಾವಾ ಯುಕಿಚಿ ಎಂಬ ತರುಣ ಯೊಕೊಹಾಮಾಕ್ಕೆ ಹೋದ. ವರ್ಷಗಟ್ಟಲೆ ಡಚ್ ಕಲಿತಿದ್ದ ಅವನಿಗೆ ಅಲ್ಲಿನ ಅಂಗಡಿಯ ಫಲಕಗಳನ್ನು ಓದಲಾಗಲಿಲ್ಲ. ಎದೋಗೆ ಮರಳಿ ಇಂಗ್ಲಿಷ್ ಕಲಿಯಲು ಶುರುಮಾಡಿದ. 1860ರಲ್ಲಿ, ನಾಗಾಸಾಕಿಯಲ್ಲಿ ತರಬೇತಿ ಪಡೆದ ನಾವಿಕರಿದ್ದ ಕನ್‌ರಿನ್ ಮಾರು ಎಂಬ ಡಚ್ ನಿರ್ಮಿತ ಹಡಗಿನಲ್ಲಿ ಪೆಸಿಫಿಕ್ ದಾಟಿ ಸ್ಯಾನ್ ಫ್ರಾನ್ಸಿಸ್ಕೋ ಸೇರಿದ.