ಎಣಿಸಿ ಕೊಟ್ಟ ಬಿರುದು: ಅವಧಾನಿಗಳ ಶ್ರೇಣಿ ಬೆಳೆದ ಬಗೆ

ಅವಧಾನ ಎಂದರೆ ಮನಸ್ಸನ್ನು ಒಂದೆಡೆ ನಿಲ್ಲಿಸುವುದು. ತುಂಬಿದ ಸಭೆಯಲ್ಲಿ ಸುತ್ತ ಕುಳಿತ ಹಲವರು ಒಬ್ಬರಾದ ಮೇಲೊಬ್ಬರು ಒಡ್ಡುವ ಮಾತಿನ ಸವಾಲುಗಳನ್ನು, ಕೈಯಲ್ಲಿ ಕಾಗದ ಲೇಖನಿ ಹಿಡಿಯದೆ ಬಿಡಿಸುವ ಕಲೆಗೂ ಇದೇ ಹೆಸರು. ಸವಾಲು ಹಾಕುವವರು ಪೃಚ್ಛಕರು, ಬಿಡಿಸುವವರು ಅವಧಾನಿ. ಎಂಟು ಮಂದಿ ಪೃಚ್ಛಕರಿಗೆ ಉತ್ತರ ಕೊಟ್ಟವರು ಅಷ್ಟಾವಧಾನಿ, ನೂರು ಮಂದಿಗೆ ಕೊಟ್ಟವರು ಶತಾವಧಾನಿ, ಸಾವಿರ ಮಂದಿಗೆ ಕೊಟ್ಟವರು ಸಹಸ್ರಾವಧಾನಿ. ರನ್ನನಿಗೆ ಚಾಲುಕ್ಯ ತೈಲಪನಿಂದ, ಜನ್ನನಿಗೆ ಹೊಯ್ಸಳ ವೀರಬಲ್ಲಾಳನಿಂದ ‘ಕವಿಚಕ್ರವರ್ತಿ’ ಎಂಬ ಬಿರುದು ಬಂತು; ಅದು ದೊರೆ ಮೆಚ್ಚಿ ಕೊಟ್ಟ ಗೌರವ. ಅವಧಾನಿಯ ಬಿರುದಿನಲ್ಲಿ ಇರುವುದು ಬರಿಯ ಸಂಖ್ಯೆ. ಅದನ್ನು ಕಂಡವರೆಲ್ಲ ಎಣಿಸಿ ನೋಡಬಹುದು.

ಈ ಕಲೆಯ ಬಿಡಿಭಾಗಗಳು ಬಹಳ ಹಳೆಯವು. ವಾತ್ಸ್ಯಾಯನನ ಕಾಮಸೂತ್ರ ಹೆಸರಿಸುವ ಅರವತ್ನಾಲ್ಕು ಕಲೆಗಳಲ್ಲಿ ಕಾವ್ಯಸಮಸ್ಯಾಪೂರಣ, ಧಾರಣಮಾತೃಕೆ, ಮಾನಸೀಕಾವ್ಯಕ್ರಿಯೆಗಳು ಸೇರಿವೆ: ಅರ್ಧ ಕೊಟ್ಟ ಪದ್ಯವನ್ನು ತುಂಬುವುದು, ಕೇಳಿದ್ದನ್ನು ನೆನಪಿನಲ್ಲಿ ಹಿಡಿದಿಡುವುದು, ಮನಸ್ಸಿನಲ್ಲೇ ಪದ್ಯ ಕಟ್ಟುವುದು. ಇವನ್ನೆಲ್ಲ ಒಂದೇ ಆಸನದಲ್ಲಿ, ಒಂದೇ ಹೊತ್ತಿಗೆ ಮಾಡಬೇಕು ಎಂದಾಗ ಅವಧಾನವಾಯಿತು.

ಅಷ್ಟಾವಧಾನದ ಎಂಟು ವಿಭಾಗಗಳು ಸಭೆಯಿಂದ ಸಭೆಗೆ ಸ್ವಲ್ಪ ಬದಲಾಗುತ್ತವೆ. ಸಮಸ್ಯೆಯಲ್ಲಿ ಅಸಂಬದ್ಧವೆಂದು ತೋರುವ ಕೊನೆಯ ಸಾಲನ್ನು ಕೊಡುತ್ತಾರೆ. ಉಳಿದ ಮೂರು ಸಾಲು ಸೇರಿಸಿ ಅದಕ್ಕೆ ಅರ್ಥ ಬರಿಸಬೇಕು. ದತ್ತಪದಿಯಲ್ಲಿ ನಾಲ್ಕು ಪದಗಳನ್ನು ಕೊಟ್ಟು, ಸಾಲಿಗೊಂದರಂತೆ ಅಡಗಿಸಿ ಪದ್ಯ ಹೇಳಿ ಎನ್ನುತ್ತಾರೆ. ಪದಗಳು ಇಂಗ್ಲಿಷಿನವಾದರೂ ಸರಿಯೇ, ವಸ್ತು ಮಾತ್ರ ಪುರಾಣದ್ದಾಗಿರಬಹುದು. ಆಗ ‘ಕಾರು’ ‘ಕಾರುಣ್ಯ’ದೊಳಗೆ ಕರಗಬೇಕು, ‘ಪೆನ್ನು’ ‘ತಪ್ಪೆನ್ನುವ’ ಎಂಬಲ್ಲಿ ಸದ್ದಿಲ್ಲದೆ ಕೂರಬೇಕು. ಸಂಖ್ಯಾಬಂಧದಲ್ಲಿ ಚೌಕದ ಮನೆಗಳಿಗೆ, ಪೃಚ್ಛಕ ಕೇಳಿದ ಮನೆಯಿಂದಲೇ, ಅಂಕಿ ಹೇಳಬೇಕು. ಕೊನೆಗೆ ಅಡ್ಡ, ಉದ್ದ ಹೇಗೆ ಕೂಡಿಸಿದರೂ ಒಂದೇ ಮೊತ್ತ ಬರಬೇಕು. ಇವುಗಳ ನಡುವೆ ಆಶುಕವಿತೆ, ಚಿತ್ರಕವಿತೆ, ಕಾವ್ಯವಾಚನ ಸಾಗುತ್ತವೆ. ಇಷ್ಟು ಸಾಲದೆಂಬಂತೆ ಅಪ್ರಸ್ತುತ ಪ್ರಸಂಗದ ಪೃಚ್ಛಕರು ಬೇಕೆಂದಾಗ ನಡುವೆ ಬಾಯಿ ಹಾಕಿ ಹರಟೆಗೆಳೆಯುತ್ತಾರೆ. ಅವರಿಗೂ ನಗುನಗುತ್ತ ಉತ್ತರ ಹೇಳಬೇಕು.

ಎಲ್ಲಕ್ಕಿಂತ ಕಠಿನವಾದದ್ದು ನಿಷೇಧಾಕ್ಷರಿ. ಗಣೇಶನ ಮೇಲೆ ಪದ್ಯ ಕೇಳಿದ್ದಾರೆ ಎಂದುಕೊಳ್ಳೋಣ. ಅವಧಾನಿ ‘ಗ’ ಎನ್ನುತ್ತಾರೆ. ‘ಗಣಪ’ ಬರಲಿದೆ ಎಂದು ಊಹಿಸಿದ ಪೃಚ್ಛಕರು ‘ಣ’ ಬೇಡ ಎನ್ನುತ್ತಾರೆ. ಅವಧಾನಿ ‘ಜ’ ಎನ್ನುತ್ತಾರೆ. ಇದು ‘ಗಜಮುಖ’ ಇರಬೇಕು ಎಂದು ‘ಮ’ಕಾರಕ್ಕೆ ತಡೆ ಬೀಳುತ್ತದೆ. ಅವಧಾನಿ ‘ವ’ ಎಂದೊಡನೆ ‘ಗಜವದನ’ ಹೊಳೆದು ‘ದ’ ಬೇಡ ಎನ್ನುತ್ತಾರೆ. ಆಗ ಅವಧಾನಿ ‘ಕ್ತ್ರ’ ಎಂದರೆ ‘ಗಜವಕ್ತ್ರ’ ಆಯಿತು, ಸಭೆ ಚಪ್ಪಾಳೆ ತಟ್ಟಿತು. ಆದರೆ ಈ ಒತ್ತಕ್ಷರದಿಂದ ಹಿಂದಿನ ‘ವ’ ಗುರುವಾಗುತ್ತದೆ. ಛಂದಸ್ಸು ಅಲ್ಲಿ ಗುರುವನ್ನು ಒಪ್ಪದಿದ್ದರೆ ಈ ದಾರಿಯೂ ಮುಚ್ಚಿದಂತೆಯೇ. ಆದ್ದರಿಂದ ಈ ವಿಭಾಗದ ಪೃಚ್ಛಕರೂ ಅವಧಾನಿಯಷ್ಟೇ ನಿಘಂಟು ಬಲ್ಲವರಾಗಿರಬೇಕು. ದುರ್ಬಲ ಪೃಚ್ಛಕರ ಎದುರು ಗಳಿಸಿದ ಬಿರುದಿಗೆ ತೂಕವಿಲ್ಲ.

ಪದ್ಯಗಳು ಒಂದೇ ಓಟದಲ್ಲಿ ಮುಗಿಯುವುದಿಲ್ಲ. ಒಂದು ಸುತ್ತಿಗೆ ಒಂದು ಸಾಲು, ಹೀಗೆ ನಾಲ್ಕು ಸುತ್ತು. ಕೊನೆಯಲ್ಲಿ ಧಾರಣ: ತುಂಡುತುಂಡಾಗಿ ಕಟ್ಟಿದ ಪದ್ಯಗಳನ್ನೆಲ್ಲ ಇಡಿಯಾಗಿ ಒಪ್ಪಿಸಬೇಕು. ಧಾರಣ ಕೆಟ್ಟರೆ ಅವಧಾನ ಪೂರ್ತಿಯಾದಂತಲ್ಲ. ಬಿರುದಿನ ನಿಜವಾದ ಪರೀಕ್ಷೆ ಇಲ್ಲಿದೆ.

ಒಂದೇ ಹೆಸರಿನ ಬಿರುದು ಎಲ್ಲ ಕಡೆಯೂ ಒಂದೇ ಸಾಧನೆಯನ್ನು ಹೇಳುವುದಿಲ್ಲ. ಗುಜರಾತಿನ ಜೈನ ಸಾಧಕ ಶ್ರೀಮದ್ ರಾಜಚಂದ್ರರು 1887ರಲ್ಲಿ, ಇನ್ನೂ ಇಪ್ಪತ್ತು ತುಂಬದ ವಯಸ್ಸಿನಲ್ಲಿ, ಮುಂಬಯಿಯಲ್ಲಿ ಶತಾವಧಾನ ನಡೆಸಿದರು. ಅಲ್ಲಿ ಒತ್ತು ಸ್ಮರಣೆಯ ಮೇಲೆ. 1891ರಲ್ಲಿ ಇಂಗ್ಲೆಂಡಿನಿಂದ ಮರಳಿದ ಗಾಂಧೀಜಿ, ರಾಜಚಂದ್ರರನ್ನು ಪರೀಕ್ಷಿಸಲೆಂದು, ತಮಗೆ ಗೊತ್ತಿದ್ದ ಯುರೋಪಿನ ಭಾಷೆಗಳ ಪದಗಳನ್ನೆಲ್ಲ ಒಂದಾದ ಮೇಲೊಂದರಂತೆ ಹೇಳಿದರು. ರಾಜಚಂದ್ರರು ಅವನ್ನು ಅದೇ ಕ್ರಮದಲ್ಲಿ ತಿರುಗಿ ಹೇಳಿದ್ದನ್ನು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ನಾಗರಕೋವಿಲ್ ಬಳಿಯ ಇಡಲಾಕುಡಿಯ ತಮಿಳು ಕವಿ ಷೇಕುತಂಬಿ ಪಾವಲರ್ 1907ರಲ್ಲಿ ಮದರಾಸಿನ ವಿಕ್ಟೋರಿಯಾ ಸಭಾಭವನದಲ್ಲಿ ಶತಾವಧಾನಿ ಎನಿಸಿಕೊಂಡರು. ಮುಸ್ಲಿಂ ಮನೆತನದ ಈ ವಿದ್ವಾಂಸರ ಅಂಚೆಚೀಟಿ 2008ರಲ್ಲಿ ಹೊರಬಂತು.

ಪದ್ಯರಚನೆಯೇ ಜೀವಾಳವಾದ ಸಾಹಿತ್ಯಾವಧಾನ ಹೆಚ್ಚು ಹುಲುಸಾಗಿ ಬೆಳೆದದ್ದು ತೆಲುಗಿನಲ್ಲಿ. ತಿರುಪತಿ ವೆಂಕಟ ಕವುಲು ಎಂದು ಹೆಸರಾದ ಜೋಡಿ, ದಿವಾಕರ್ಲ ತಿರುಪತಿ ಶಾಸ್ತ್ರಿ (1872–1920) ಮತ್ತು ಚೆಳ್ಳಪಿಳ್ಳ ವೆಂಕಟಶಾಸ್ತ್ರಿ (1870–1950), ಸಂಸ್ಥಾನದಿಂದ ಸಂಸ್ಥಾನಕ್ಕೆ ಹೋಗಿ ಅವಧಾನ ಮಾಡಿ ಗೆದ್ದರು. ಗೆಲ್ಲುವವರು ಬಂದರೆ ತೆಗೆದುಬಿಡುತ್ತೇವೆ ಎಂದು ಪಣ ತೊಟ್ಟು ಮೀಸೆ ಬಿಟ್ಟಿದ್ದರು. ಪಂಡಿತರ ಕೋಣೆಯಲ್ಲಿದ್ದ ಆಟವನ್ನು ಊರಿನ ಜಾತ್ರೆಯಷ್ಟು ಜನಪ್ರಿಯ ಮಾಡಿದ ಕೀರ್ತಿ ಇವರದು. ಮುಂದೆ ನೂರೂ ಸಾಲದಾಯಿತು. ಮಾಡುಗುಲ ನಾಗಫಣಿ ಶರ್ಮ, ಗರಿಕಪಾಟಿ ನರಸಿಂಹ ರಾವ್ ಮೊದಲಾದವರು ಹಲವು ದಿನಗಳ ಸಹಸ್ರಾವಧಾನ ನಡೆಸಿದರು.

ಕನ್ನಡದಲ್ಲಿ ಈ ಪರಂಪರೆ ತೆಳುವಾಗಿತ್ತು. 20ನೆಯ ಶತಮಾನದ ಪೂರ್ವಾರ್ಧದಲ್ಲಿ ನಾಟಕಕಾರ ಬೆಳ್ಳಾವೆ ನರಹರಿ ಶಾಸ್ತ್ರಿಗಳು ಕನ್ನಡ ಅವಧಾನಕ್ಕೆ ಮತ್ತೆ ಜೀವ ಕೊಟ್ಟರು. ಬಳಿಕ ಅದನ್ನು ಎತ್ತಿ ನಿಲ್ಲಿಸಿದವರು 1962ರಲ್ಲಿ ಕೋಲಾರದಲ್ಲಿ ಹುಟ್ಟಿದ ಆರ್. ಗಣೇಶ್. ಎಂಜಿನಿಯರಿಂಗ್ ಓದಿದ ಅವರು 1980ರ ದಶಕದ ಆರಂಭದಲ್ಲಿ ಅವಧಾನಕ್ಕೆ ಕೂತರು. ಈ ಕಲೆಯ ಮೇಲೆಯೇ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಡಿ.ಲಿಟ್. ಪಡೆದರು. ‘ಶತಾವಧಾನಿ’ ಎಂಬುದು ಇಂದು ಅವರ ಹೆಸರಿನ ಭಾಗವೇ ಆಗಿದೆ.

ಈ ಬಿರುದುಗಳನ್ನು ಕೊಡಲು ಮಂಡಳಿಯಿಲ್ಲ, ಅಂಕಪಟ್ಟಿಯಿಲ್ಲ. ತೀರ್ಪು ಪೃಚ್ಛಕರದು, ಸಾಕ್ಷಿ ಸಭೆಯದು. 2012ರ ನವೆಂಬರ್ 30ರಿಂದ ಡಿಸೆಂಬರ್ 2ರವರೆಗೆ ಬೆಂಗಳೂರಿನಲ್ಲಿ ಗಣೇಶರು ಸಂಪೂರ್ಣವಾಗಿ ಕನ್ನಡದಲ್ಲೇ ಶತಾವಧಾನ ನಡೆಸಿದಾಗ, ಆ ಸಾಕ್ಷಿಯಾಗಿ ಮೂರು ದಿನವೂ ಸಭಾಂಗಣ ತುಂಬಿತ್ತು.