ಗಂಟಲಿನಿಂದ ಗ್ಯಾರೇಜಿಗೆ

ವಾರಾಂತ್ಯಗಳಲ್ಲಿ ಪುಣೆಯ ಗ್ಯಾರೇಜೊಂದರಲ್ಲಿ ಹವ್ಯಾಸಕ್ಕೆಂದು ಕಾರಿನ ಟಿಂಕರಿಂಗ್, ಪೇಂಟಿಂಗ್ ಕಲಿಯುತ್ತಿದ್ದೇನೆ. ಟಿಂಕರಿಂಗಿಗೆ ಇಲ್ಲಿ ಡೆಂಟಿಂಗ್ ಎನ್ನುತ್ತಾರೆ. ಸ್ಪ್ರೇ ಗನ್ನಿನ ಚರಿತ್ರೆ ಕೆದಕಿದಾಗ ಅದರ ಮೂಲದಲ್ಲಿ ಸಿಕ್ಕವರು ಒಬ್ಬ ಡಾಕ್ಟರು.

ಅಮೆರಿಕದ ಟೊಲೆಡೊದಲ್ಲಿ ಅಲೆನ್ ಡಿವಿಲ್ಬಿಸ್ ಎಂಬ ವೈದ್ಯರು 1880ರ ದಶಕದಲ್ಲಿ ರೋಗಿಗಳ ಗಂಟಲಿಗೆ ಔಷಧ ಸಿಂಪಡಿಸುವ ಪುಟ್ಟ ಸಾಧನ ರೂಪಿಸಿದರು. ಅದೇ ತತ್ವದ ಮೇಲೆ ಅವರ ಮಗ ಥಾಮಸ್ 1907ರಲ್ಲಿ ಬಣ್ಣದ ಗನ್ ಮಾಡಿದರು. ಆದರೆ ಆಗಿನ ವಾರ್ನಿಷ್ ಕೆಲಸ ಮುಗಿಯಲು ವಾರಗಟ್ಟಲೆ ಬೇಕಿತ್ತು. ಬೇಗ ಒಣಗುವ 'ಡ್ಯೂಕೋ' ಬಣ್ಣ 1924ರ ಮಾದರಿಯ ಓಕ್‌ಲ್ಯಾಂಡ್ ಕಾರಿನೊಂದಿಗೆ ಬಂತು. ಗನ್ನಿಗೆ ಅದು ಹೇಳಿಮಾಡಿಸಿದ ಜೋಡಿ. ವರ್ಷಗಟ್ಟಲೆ ಕಪ್ಪೊಂದನ್ನೇ ಕೊಡುತ್ತಿದ್ದ ಫೋರ್ಡ್ ಕೂಡ 1926ರ ಮಾದರಿಗೆ ಬೇರೆ ಬಣ್ಣಗಳನ್ನು ಹಚ್ಚಿತು. ನಮ್ಮಲ್ಲಿ ಮರದ ಕಪಾಟಿಗೆ ಇವತ್ತಿಗೂ 'ಡ್ಯೂಕೋ' ಹೊಡೆಸುತ್ತಾರೆ.

1937ರಲ್ಲಿ ಜರ್ಮನಿಯ ಒಟ್ಟೋ ಬೇಯರ್ ಮತ್ತು ಸಂಗಡಿಗರು ಪಾಲಿಯುರೆಥೇನ್ ಕಂಡುಹಿಡಿದರು. ಇಂದು ಕಾರುಗಳಿಗೆ ಹೊಡೆಯುವ ಹೊಳಪಿನ ಟೂ-ಕೆ ಕ್ಲಿಯರ್‌ಕೋಟ್ ಆ ವಂಶದ್ದೇ. ಅದರ ಹಾರ್ಡನರಿನಲ್ಲಿರುವ ಐಸೋಸಯನೇಟ್ ಉಸಿರಿಗೆ ಸೇರಿದರೆ ಆಸ್ತಮಾ ತರಬಲ್ಲದು. ಒಮ್ಮೆ ಮೈ ಅದಕ್ಕೆ ತಿರುಗಿಬಿದ್ದರೆ ಆಮೇಲೆ ಒಂದಿಷ್ಟು ತಾಗಿದರೂ ಸಾಕು, ಉಸಿರು ಕಟ್ಟುತ್ತದೆ. ಕ್ಲಿಯರ್‌ಕೋಟ್ ಹೊಡೆಯುವವರಿಗೆ ಹೊರಗಿನ ಶುದ್ಧ ಗಾಳಿ ಪೂರೈಸುವ ಮುಖಕವಚ ಬೇಕು. ನನ್ನ ಉಸ್ತಾದರು ಕಟ್ಟಿಕೊಳ್ಳುವುದು ಬರೀ ಕರ್ಚೀಫು.

ನನಗೆ ಸಾಕೆನಿಸಿದರೆ ಗನ್ ಕೆಳಗಿಟ್ಟು ಮನೆಗೆ ಹೋಗಬಹುದು. ಅವರಿಗೆ ಅದೇ ಅನ್ನ. ಗಂಟಲಿನ ಔಷಧಕ್ಕೆಂದು ಹುಟ್ಟಿದ ಸಾಧನ ಗಂಟಲಿಗೇ ಕುತ್ತಾಗಬಾರದು. ಮುಂದಿನ ಸಲ ಕಾರಿಗೆ ಪೇಂಟ್ ಹೊಡೆಸುವಾಗ ಬಣ್ಣದ ಕೋಡ್ ಹೊಂದಿತೇ ಎಂದು ಕೇಳುವ ಜೊತೆಗೆ, ಹೊಡೆಯುವವರ ಮುಖಕ್ಕೆ ಏನಿದೆ ಎಂದೂ ನೋಡಿ.